ಹೇಳಿ ಕಳುಹಿಸುವುದು

ಹೆಸರಿಗೂ ಗುಣಕ್ಕೂ ಹೊಂದಿಕೆಯಿರಬೇಕೆಂಬ ನಿಯಮ ಲೋಕದಲ್ಲಿ ಎಲ್ಲಿಯೂ ಇದ್ದಂತಿಲ್ಲ. ಕೆರೆಯ ಹೆಸರು ಹೊತ್ತ ನಮ್ಮ ಅರೆಕೆರೆಯಲ್ಲಿ ಬಸ್ಸಿಳಿದವರಿಗೆ ಮೊದಲು ಕಾಣುವುದು ಕೆರೆಯಲ್ಲ, ಬನ್ನೇರುಘಟ್ಟ ರಸ್ತೆಯ ವಾಹನಗಳ ಸಾಲು. ಗಣಕಯಂತ್ರದ ಲೋಕದಲ್ಲಿಯೂ ಇಂಥದೊಂದು ಹೆಸರುಂಟು. ಕಪ್ಪು ಪರದೆಯ ಮೇಲೆ ಬೆರಳಚ್ಚಿಸುವ ಆ ಆಜ್ಞೆಯ ಹೆಸರು ‘ಕಿಲ್’, ಅಂದರೆ ಕೊಲ್ಲು. ಆದರೆ ಅದು ಬಹುಮಟ್ಟಿಗೆ ಮಾಡುವ ಕೆಲಸ ಹೇಳಿ ಕಳುಹಿಸುವುದು.

ಬಿ.ಎ. ವಿದ್ಯಾರ್ಥಿಗೆ ಈ ಉಸಾಬರಿ ಏಕೆಂದು ವಾಚಕರು ಹುಬ್ಬೇರಿಸಬಾರದು. ನಮ್ಮ ಮನೆಯಿಂದ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಯಾವ ವಿದ್ಯೆ ನಮ್ಮದು, ಯಾವುದು ಪರರದು ಎಂದು ಹೇಳುವವರಿಲ್ಲದ್ದರಿಂದ ಸಿಕ್ಕಿದ್ದನ್ನೆಲ್ಲ ಕಲಿತೆ. ಇದೇ ರಸ್ತೆಯ ಬಳಿಯ ಗುರಪ್ಪನಪಾಳ್ಯದಲ್ಲಿ ಸ್ವತಂತ್ರ ತಂತ್ರಾಂಶ ಚಳವಳಿಯವರು ಅಂಬೇಡ್ಕರರ ಹೆಸರಿನ ಕೇಂದ್ರ ತೆರೆದು ಕೊಳೆಗೇರಿಯ ಮಕ್ಕಳಿಗೆ ಲಿನಕ್ಸ್ ಕಲಿಸಿದ್ದುಂಟು. ಮಕ್ಕಳಿಗೆ ಬಂದದ್ದು ನಮಗೆ ಬಾರದೆ?

ಲಿನಕ್ಸ್ ಯಂತ್ರದಲ್ಲಿ ಓಡುತ್ತಿರುವ ಕೆಲಸಕ್ಕೆ ಪ್ರಾಸೆಸ್ ಎನ್ನುತ್ತಾರೆ. ಪ್ರತಿಯೊಂದಕ್ಕೂ ಒಂದು ಸಂಖ್ಯೆ. ‘ಪಿಎಸ್’ ಎಂಬ ಆಜ್ಞೆ ಅವುಗಳ ಹಾಜರಿ ಪಟ್ಟಿಯನ್ನು ತೋರಿಸುತ್ತದೆ. ಬೇರೇನೂ ಸೂಚಿಸದೆ ಆ ಸಂಖ್ಯೆಯನ್ನಷ್ಟೇ ‘ಕಿಲ್’ ಎಂಬುದರ ಮುಂದೆ ಬರೆದರೆ ಹೋಗುವುದು 15ನೆಯ ಸಂಕೇತ. ‘ಹೊತ್ತಾಯಿತು, ಹೊರಡಪ್ಪ’ ಎಂಬ ಮಾತು ಅದು. ಕೇಳಿಸಿಕೊಂಡ ಪ್ರಾಸೆಸ್ ಕಡತಗಳನ್ನು ಉಳಿಸಿ, ಕಸ ಗುಡಿಸಿ ಹೊರಡಬಹುದು. ಮೊಂಡನಾಗಿದ್ದರೆ ಕೇಳಿಯೂ ಕೇಳದಂತಿರಬಹುದು. ಕಂಟ್ರೋಲ್ ಮತ್ತು ಸಿ ಕೀಲಿಗಳನ್ನು ಒಟ್ಟಿಗೆ ಒತ್ತಿದಾಗ ಹೋಗುವ 2ನೆಯ ಸಂಕೇತಕ್ಕೂ ಇದೇ ಮರ್ಯಾದೆ. ‘ಸ್ಟಾಪ್’ ಎಂದರೆ ಮಾತ್ರ ಎದುರಾಡುವಂತಿಲ್ಲ, ನಿಂತಲ್ಲೇ ನಿಲ್ಲಬೇಕು; ‘ಕಾಂಟ್’ ಎಂದಾಗ ಬಿಟ್ಟಲ್ಲಿಂದ ಮುಂದುವರಿಯುತ್ತದೆ. ಇನ್ನೊಂದು ನ್ಯಾಯವೂ ಉಂಟು: ಸಾಮಾನ್ಯ ಬಳಕೆದಾರ ತನ್ನ ಪ್ರಾಸೆಸ್‌ಗಳಿಗೆ ಮಾತ್ರ ಸಂಕೇತ ಕಳುಹಿಸಬಲ್ಲ, ಎಲ್ಲರ ಮೇಲೂ ಅಧಿಕಾರವಿರುವುದು ‘ರೂಟ್’ ಎಂಬ ಯಜಮಾನನಿಗೆ.

ಆಜ್ಞೆಯ ಹೆಸರಿಗೆ ತಕ್ಕದ್ದು 9ನೆಯ ಸಂಕೇತ. ಅದು ಪ್ರಾಸೆಸ್‌ನ ಕಿವಿಗೆ ಬೀಳುವುದೇ ಇಲ್ಲ. ವ್ಯವಸ್ಥೆಯ ತಿರುಳಾದ ಕರ್ನೆಲ್ ತಾನೇ ಅದನ್ನು ಮುಗಿಸಿಬಿಡುತ್ತದೆ. ಬರೆಯುತ್ತಿದ್ದ ಸಾಲು ಅರ್ಧಕ್ಕೇ ನಿಲ್ಲುತ್ತದೆ. ಆದ್ದರಿಂದ ಬಲ್ಲವರ ಪದ್ಧತಿ ಇದು: ಮೊದಲು 15, ಆಮೇಲೆ ಸ್ವಲ್ಪ ತಾಳ್ಮೆ, ಬೇರೆ ದಾರಿಯೇ ಇಲ್ಲದಿದ್ದರೆ 9. ಯಂತ್ರವನ್ನು ಆರಿಸುವಾಗ ಲಿನಕ್ಸ್ ಕೂಡ ಇದೇ ಕ್ರಮವನ್ನು ಅನುಸರಿಸುತ್ತದೆ. ಗಡುವು ಮೀರಿಯೂ ಉಳಿದವಕ್ಕೆ ಮಾತ್ರ 9.

ಈ ಎರಡು ಅಂಕಿಗಳ ಅಂತರ ನಾನು ಯಂತ್ರದ ಮುಂದೆ ಮಾತ್ರ ಕಂಡದ್ದಲ್ಲ. ನಮ್ಮಮ್ಮ ಹನ್ನೊಂದು ವರ್ಷ ಹೊಲಿದ ಗಾರ್ಮೆಂಟ್ಸ್ ಕಾರ್ಖಾನೆ ಒಂದು ಸೋಮವಾರ ಬೀಗ ಹಾಕಿಕೊಂಡಿತ್ತು. ಶನಿವಾರ ಯಾರೂ ತುಟಿ ಬಿಚ್ಚಿರಲಿಲ್ಲ. ಅಮ್ಮನ ಕತ್ತರಿ ಒಳಗೇ ಉಳಿಯಿತು. ಆ ವರ್ಷದ ನನ್ನ ಶುಲ್ಕಕ್ಕೆ ಕೈಸಾಲವಾಯಿತು. ಅನಂತರ ಬೇರೆ ಕಡೆ ಕೆಲಸ ಸಿಕ್ಕಿತೆನ್ನಿ. ಆದರೂ ಅಮ್ಮ ಇಂದಿಗೂ ಹೇಳುವುದು ಒಂದೇ: ‘ಮುಚ್ಕೊಳ್ಳಲಿ ಕಣಪ್ಪ, ಬೇಡ ಅನ್ನೋಕೆ ನಾವ್ಯಾರು? ಒಂದು ಮಾತು ಹೇಳಬಾರದಿತ್ತಾ?’

ಪ್ರಾಸೆಸ್‌ಗೆ ಹಸಿವಿಲ್ಲ, ಸಾಲವಿಲ್ಲ, ಓದುವ ಮಗನಿಲ್ಲ. ಅದಕ್ಕೂ ಮೊದಲು ಹೇಳಿ, ತಾಳಿ, ಅನಂತರ ಕೈಯೆತ್ತಬೇಕೆಂಬ ಕ್ರಮವನ್ನು ಯಾರೋ ಕುಳಿತು ಯೋಚಿಸಿದ್ದಾರೆ. ಈ ವರ್ಷ ಕಾಲೇಜು ಬಿಡುವ ನಮ್ಮಲ್ಲಿ ಕೆಲವರು ನಾಳೆ ಯಾವುದೋ ಕಚೇರಿಯ ಮೇಜಿನ ಹಿಂದೆ ಕುಳಿತಾರು. ಕೈಕೆಳಗೆ ನಾಲ್ಕು ಜನರಿದ್ದಾರು. ಬೆರಳು 9ರ ಕಡೆಗೆ ಹೋಗುವ ಮುನ್ನ 15 ಎಂಬ ಅಂಕಿಯೊಂದಿದೆಯೆಂಬುದು ಅವರ ನೆನಪಿನಲ್ಲಿದ್ದರೆ ಸಾಕು.