ಕಿಟ್ಟ ಒಡೆದು ತೋರಿಸ್ರಿ

ಜಗಳೂರಿನ ಅಕ್ಕಸಾಲಿಗರಿಗೆ ಕೈತುಂಬ ಕೆಲಸ ಸಿಗುತ್ತಿದ್ದುದು ಎರಡು ಕಾಲಕ್ಕೆ: ಮದುವೆ ತಿಂಗಳಲ್ಲಿ, ಇಲ್ಲವೇ ಮಳೆ ಕೈಕೊಟ್ಟ ವರ್ಷ. ಒಂದರಲ್ಲಿ ಒಡವೆ ಹುಟ್ಟುತ್ತಿತ್ತು, ಇನ್ನೊಂದರಲ್ಲಿ ಕರಗುತ್ತಿತ್ತು. ಹುಡುಗನಾಗಿ ನಾನು ಹೆಚ್ಚು ಕಂಡದ್ದು ಕರಗುವುದನ್ನೇ. ಆಗ ನಮ್ಮದು ಚಿತ್ರದುರ್ಗ ಜಿಲ್ಲೆ. 1997ರಲ್ಲಿ ದಾವಣಗೆರೆಗೆ ಸೇರಿದೆವು. ಬರಗಾಲದ ತಾಲ್ಲೂಕೆಂಬ ಹೆಸರು ಮಾತ್ರ ನಮ್ಮ ಜೊತೆಯಲ್ಲೇ ಬಂತು.

ಮಾರಲು ತಂದದ್ದು ಬುಗುಡಿಯಿರಲಿ, ಬೆಳ್ಳಿ ಕರಡಿಗೆಯಿರಲಿ, ತಂದವರ ಕಣ್ಣೆದುರೇ ಕರಗಬೇಕಿತ್ತು. ಹೆಂಗಸರು ಕುಲುಮೆಯ ಮುಂದೆಯೇ ಕೂತುಬಿಡುವರು. ಆಚಾರ್ರು ಮೂಸೆಯನ್ನು ಇದ್ದಿಲ ಕೆಂಡದಲ್ಲಿ ಹೂತು, ತಿದಿ ಒತ್ತಿ, ಚಿಟಿಕೆ ಬಿಳಿಗಾರ ಉದುರಿಸುವರು. ಅದು ಹಪ್ಪಳದ ಹಾಗೆ ಉಬ್ಬಿ, ಕುಸಿದು, ನೀರಾಗುವುದು. ಚಿನ್ನ ಕರಗಲು 1,064 ಡಿಗ್ರಿ ಶಾಖ ಬೇಕು. ಬಿಳಿಗಾರ 740ರ ಆಸುಪಾಸಿಗೇ ಕರಗಿ ಸಿದ್ಧವಾಗಿರುತ್ತದೆ. ಕಾದ ತಾಮ್ರದ ಕರಕು, ಬೆಸುಗೆಯ ಕೊಳೆ, ಮಣ್ಣು ಎಲ್ಲವನ್ನೂ ಹೀರಿಕೊಂಡು ಕಿಟ್ಟವಾಗಿ ಮೇಲೆ ನಿಲ್ಲುತ್ತದೆ. ಒಳಗೆ ಬೆರೆತ ತಾಮ್ರ, ಬೆಳ್ಳಿ ಇಷ್ಟಕ್ಕೆ ಬಿಡುವುದಿಲ್ಲ, ಅದಕ್ಕೆ ನೈಟ್ರಿಕ್ ಆಮ್ಲವೇ ಬೇಕು.

ಗಟ್ಟಿ ಅಚ್ಚಿಗಿಳಿದ ಮೇಲೆ ಯಾರಾದರೊಬ್ಬ ಅಜ್ಜಿ, "ಆಚಾರ್ರೇ, ಕಿಟ್ಟ ಒಡೆದು ತೋರಿಸ್ರಿ" ಅನ್ನದೆ ಏಳುತ್ತಿರಲಿಲ್ಲ. ಅಕ್ಷರ ಬಾರದ ಆಕೆಗೆ ಕಿಟ್ಟದೊಳಗೆ ಸಾಸಿವೆಯಷ್ಟು ಚಿನ್ನ ಅಡಗಿರಬಹುದೆಂದು ಗೊತ್ತಿತ್ತು. ಆಚಾರ್ರಿಗೆ ಸಿಟ್ಟು ಬರುತ್ತಿರಲಿಲ್ಲ. ಪುಡಿ ಮಾಡಿ, ತೊಳೆದು ತೋರಿಸುತ್ತಿದ್ದರು.

ಹೊನ್ನಾಳಿ ಸೀಮೆಯಲ್ಲಿ ಬ್ರಿಟಿಷರ ಕಾಲದಲ್ಲಿ ಚಿನ್ನದ ಗಣಿ ತೋಡಿದ್ದರು. ರಾಯಚೂರು ಕಡೆಯ ಹಟ್ಟಿಯಲ್ಲಿ ಇಂದಿಗೂ ತೆಗೆಯುತ್ತಾರೆ. ನಮ್ಮೂರಿಗೆ ಅಂಗಡಿಯ ಕಸವೇ ಅದಿರು. ಅರ ಉಜ್ಜಿದ ಪುಡಿ, ಒಲೆಯ ಬೂದಿ, ಕೈ ತೊಳೆದ ನೀರಿನ ಗಸಿ, ಒಂದನ್ನೂ ಚೆಲ್ಲುತ್ತಿರಲಿಲ್ಲ. ಜಲಗಾರರು ಬಂದು ಕೊಂಡೊಯ್ದು, ಮರಿಗೆಯಲ್ಲಿ ಜಾಲಿಸಿ, ಪಾದರಸಕ್ಕೆ ಹಿಡಿಸಿ, ಅದನ್ನು ಕಾಯಿಸಿ ಹಾರಿಸುತ್ತಿದ್ದರು. ಆ ಹೊಗೆ ವಿಷ. ಅದು ನಿಂತದ್ದೇ ಒಳ್ಳೆಯದಾಯಿತು.

1963ರ ಚಿನ್ನ ನಿಯಂತ್ರಣ 14 ಕ್ಯಾರೆಟ್‌ಗಿಂತ ಮೇಲಿನ ಒಡವೆ ಮಾಡಬಾರದೆಂದಾಗ ಅಕ್ಕಸಾಲಿಗರ ಹೊಟ್ಟೆಗೆ ಬಿದ್ದ ಪೆಟ್ಟನ್ನು ಹಿರಿಯರು ಹೇಳುತ್ತಿದ್ದರು. 1990ರಲ್ಲಿ ಚಿನ್ನ ನಿಯಂತ್ರಣ ಕಾಯ್ದೆಯೇ ಹೋಯಿತು. ಕಾಯ್ದೆ ಕೆಡಿಸಿದ್ದಕ್ಕಿಂತ ಹೆಚ್ಚನ್ನು ಕೆಡಿಸಿದ್ದು ದಾವಣಗೆರೆಯ ಗಾಜಿನ ಅಂಗಡಿಗಳು ಅನ್ನುವುದು ನನ್ನ ಅನಿಸಿಕೆ. ಒಡವೆ ಸಿದ್ಧವಾಗಿಯೇ ಸಿಗುವಾಗ ಮೂಸೆಯ ಮುಂದೆ ಕೂರುವವರು ಯಾರು? ಇದ್ದಿಲು ಹೋಗಿ ಗ್ಯಾಸ್ ಬಂತು, ಮಕ್ಕಳು ಬೇರೆ ಕೆಲಸ ಹಿಡಿದರು. 2021ರಿಂದ ಹಾಲ್‌ಮಾರ್ಕ್ ಕಡ್ಡಾಯವಾಗತೊಡಗಿತು. ಅದು ಕೊಳ್ಳುವವರಿಗೆ ಒಳ್ಳೆಯದೇ. ತೊಂದರೆಯಿರುವುದು ಹಳೆಯದನ್ನು ಮಾರುವಾಗ.

ಕ್ಯಾರೆಟ್ ಅಳೆಯುವ ಯಂತ್ರ ಓದುವುದು ಒಡವೆಯ ಮೈಯನ್ನಷ್ಟೆ, ಒಳಗಿನ ಬೆಸುಗೆ ಅದಕ್ಕೆ ಕಾಣದು. ಹಾಗಾಗಿ ಹಳೆಯ ಒಡವೆ ಕೊಡುವಾಗ ನಿಮ್ಮೆದುರೇ ತೂಗಿಸಿ, ನಿಮ್ಮೆದುರೇ ಕರಗಿಸಿ, ಗಟ್ಟಿಯನ್ನು ಮತ್ತೆ ಅಳೆಸಿ. ಕಿಟ್ಟ ಒಡೆದು ತೋರಿಸಿ ಎನ್ನಲು ನಾಚಬೇಡಿ.