ಅಲೆವೂರಿನ ಬಸ್ಸು, ಡಾ ನಾಂಗಿನ ರೈಸ್

‘ಮಣಿಪಾಲದಲ್ಲೇ ಅಷ್ಟು ಕಾಲೇಜುಂಟಲ್ಲ ಮಗಾ, ಇಂಗ್ಲಿಷ್ ಕಲಿಸ್ಲಿಕ್ಕೆ ವಿಯೆಟ್ನಾಮಿಗೇ ಹೋಗ್ಬೇಕಾ?’ ಅಂತ ಅಮ್ಮ ಕೇಳಿದ್ರು. ಸಾಫ್ಟ್‌ವೇರ್ ಕೆಲಸಕ್ಕೆ ಬಿಡುವು ಕೊಟ್ಟು ದೇಶ ನೋಡುವ ಆಸೆ ನನ್ನದು. ಪಾಠ ಹೇಳಿದರೆ ಖರ್ಚು ಹುಟ್ಟುತ್ತದಲ್ಲ. ದಕ್ಷಿಣ ಕೊರಿಯಾದ ಇಂಗ್ಲಿಷ್ ಶಿಕ್ಷಕರ ವೀಸಾ ಸಾಮಾನ್ಯವಾಗಿ ಏಳು ದೇಶದವರಿಗಷ್ಟೇ, ಅದರಲ್ಲಿ ನಾವಿಲ್ಲ. ಇಂಜಿನಿಯರಿಂಗ್ ಡಿಗ್ರಿ, 120 ಗಂಟೆಯ ಟೆಫ್ಲ್ ಸರ್ಟಿಫಿಕೇಟ್ ಹಿಡಿದು ಡಾ ನಾಂಗಿಗೆ ಹೋದೆ. ಅಲ್ಲೂ ಒಂದು ಕಡೆ ಪಾಸ್‌ಪೋರ್ಟ್ ನೋಡಿದ್ದೇ ಸಂಬಳ ಅರ್ಧಕ್ಕಿಳಿಸಿದರು. ಸಿಟ್ಟು ಬಂದು ಬೇರೆ ಕಡೆ ಸೇರಿದೆ.

ಮಕ್ಕಳು ಪಾಸ್‌ಪೋರ್ಟ್ ಕೇಳಲಿಲ್ಲ. ಇಂಗ್ಲಿಷ್ ಪದದ ಕೊನೆಯ ಸದ್ದನ್ನು ಅವರು ನುಂಗಿಬಿಡುತ್ತಾರೆ. ‘ರೈಸ್’ ಹೋಗಿ ‘ರೈ’ ಆಗುತ್ತದೆ. ನಮ್ಮ ಅಲೆವೂರಲ್ಲಿ ಉಲ್ಟಾ: ಬಸ್ಸು, ಕಾರು, ಬ್ಯಾಂಕು. ಅದನ್ನು ಬೋರ್ಡಿನಲ್ಲಿ ಬರೆದು ತೋರಿಸಿದೆ. ಬಿದ್ದು ಬಿದ್ದು ನಕ್ಕರು. ಆಮೇಲೆ ನನ್ನ ‘ಉ’ಕಾರ ಹಿಡಿಯುವುದೇ ಅವರಿಗೆ ಆಟ.

ಸಂಜೆಗೆ ಬಾನ್ ಸೆಯೊ. ಅಕ್ಕಿಹಿಟ್ಟು, ಅರಶಿನ, ತೆಂಗಿನಹಾಲು; ಕಾವಲಿಯ ಚೊಂಯ್ ಸದ್ದೇ ಅದರ ಹೆಸರು. ನೀರುದೋಸೆಯ ದೊಡ್ಡಮ್ಮನ ಮಗಳು ಅನ್ನಿ, ಒಳಗೆ ಸಿಗಡಿ ಬೇರೆ!

ನವೆಂಬರ್ 20 ಅಲ್ಲಿ ಶಿಕ್ಷಕರ ದಿನ. ಹಿಂದಿನ ಬೆಂಚಿನ ಹುಡುಗಿ ಹೂ ಕೊಟ್ಟು ‘ಥ್ಯಾಂಕ್ಸ್’ ಅಂದಳು, ಕೊನೆಯ ‘ಸ್’ ಎಳೆದು ಎಳೆದು. ಫೋಟೋ ಅಮ್ಮನಿಗೆ ಕಳಿಸಿದೆ. ‘ಹೂ ಚಂದ ಉಂಟು. ಊಟ ಆಯ್ತಾ?’ ಅಂತ ಉತ್ತರ ಬಂತು.