ಪನಿ ಉಂಡು

ಹೊಸೂರಿನ ಹತ್ತಿರದ ತೊರಪಲ್ಲಿ ಅಗ್ರಹಾರ ನನ್ನ ಊರು. 1878ರ ಡಿಸೆಂಬರ್ 10ರಂದು ರಾಜಾಜಿಯವರು ಹುಟ್ಟಿದ ಊರು ಎಂದರೆ ಹೆಚ್ಚಿನವರಿಗೆ ಗುರುತು ಸಿಗುತ್ತದೆ. ಅವರು 1948ರಲ್ಲಿ ದೇಶದ ಗವರ್ನರ್ ಜನರಲ್ ಆದವರು. ನನ್ನನ್ನು ವಾರ್ಡಿನ ಇನ್‌ಚಾರ್ಜ್ ಮಾಡಿದರೆಂದು ಮನೆಯಲ್ಲಿ ಹೇಳಿದಾಗ ಅಪ್ಪ, "ಕುರ್ಚಿ ನಮ್ಮೂರಿಗೇನು ಹೊಸದಲ್ಲ ಬಿಡಮ್ಮ" ಎಂದು ನಕ್ಕರು. ಇದು 1994ರ ಮಾತು. ಆಗ ಹೊಸೂರು ಧರ್ಮಪುರಿ ಜಿಲ್ಲೆಯಲ್ಲಿತ್ತು. ಕೃಷ್ಣಗಿರಿ ಬೇರೆ ಜಿಲ್ಲೆಯಾದದ್ದು 2004ರಲ್ಲಿ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು, ನಾವು ಮದರಾಸು ರಾಜ್ಯದಲ್ಲೇ ಉಳಿದೆವು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಕಚೇರಿಯಲ್ಲಿ ತಮಿಳು. ಗಡಿಯ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬೆಂಗಳೂರಿನಲ್ಲಿ ನಾಲ್ಕು ವರ್ಷ ಬಿ.ಎಸ್ಸಿ. ನರ್ಸಿಂಗ್ ಓದಿ ಬಂದವಳು ನಾನು. ನಮ್ಮ ದೇಶದಲ್ಲಿ ಈ ಡಿಗ್ರಿ ಶುರುವಾದದ್ದು 1946ರಲ್ಲಿ, ದೆಹಲಿ ಮತ್ತು ವೆಲ್ಲೂರಿನಲ್ಲಿ. ಐವತ್ತು ವರ್ಷ ಆಗುತ್ತ ಬಂದಿದ್ದರೂ ಡಿಗ್ರಿಯವರು ನಮ್ಮ ಕಡೆ ವಿರಳ. ಆದ್ದರಿಂದ ಕೆಲಸಕ್ಕೆ ಸೇರಿದ ದಿನವೇ ಔಷಧದ ಬೀರುವಿನ ಬೀಗದ ಕೈ ನನ್ನ ಕೈಗೆ ಬಂತು. ಹದಿನೆಂಟು ವರ್ಷ ಸರ್ವೀಸಾಗಿದ್ದ ಡಿಪ್ಲೊಮಾದ ಮಲಯಾಳಿ ನರ್ಸ್ ನನ್ನ ಕೈಕೆಳಗೆ! ಆ ಆಸ್ಪತ್ರೆಯ ಲೆಕ್ಕ ಹಾಗಿತ್ತು. ಇಂದಿಗೂ ನನಗೆ ಅದು ನ್ಯಾಯವೆನಿಸುವುದಿಲ್ಲ. ಎಲ್ಲರಂತೆ ನಾನೂ ಅವರನ್ನು ಚೇಚಿ ಎಂದೇ ಕರೆಯುತ್ತಿದ್ದೆ. ಅವರು ನನ್ನನ್ನು ಇತರರ ಎದುರು ಸಿಸ್ಟರ್ ಎನ್ನುತ್ತಿದ್ದರು, ಇಬ್ಬರೇ ಇದ್ದಾಗ ಏನೂ ಕರೆಯುತ್ತಿರಲಿಲ್ಲ.

ಫ್ಲಾರೆನ್ಸ್ ನೈಟಿಂಗೇಲ್ 1853ರಲ್ಲಿ ಲಂಡನ್ನಿನ ಹಾರ್ಲಿ ಸ್ಟ್ರೀಟಿನ ಸಣ್ಣ ಆಸ್ಪತ್ರೆಯೊಂದಕ್ಕೆ ಸೇರಿದ್ದೂ ನೇರವಾಗಿ ಮೇಲ್ವಿಚಾರಕಿಯಾಗಿಯೇ. ಆಗ ಅವರಿಗೆ ಮೂವತ್ತಮೂರು ವರ್ಷ. ಮಹಡಿಗೆ ಬಿಸಿನೀರಿನ ಕೊಳವೆ, ಊಟ ಮೇಲೇರಿಸುವ ರಾಟೆ, ರೋಗಿ ಕರೆಯಲು ಗಂಟೆ ಇವೇ ಅವರು ಮೊದಲು ಕೇಳಿದವು. ನರ್ಸಿನ ಕಾಲು ಮೆಟ್ಟಿಲಲ್ಲೇ ಸವೆಯಬಾರದು ನೋಡಿ. ನನ್ನ ವಾರ್ಡಿಗೆ ಬೇಕಾದದ್ದೇನೆಂದು ಗೊತ್ತಾಗಲು ಮೂರು ದಿನ ಹಿಡಿಯಿತು.

ಮೂರನೆಯ ಮಧ್ಯಾಹ್ನ ಡ್ಯೂಟಿ ಮುಗಿಸಿ ಹೊರಟ ಚೇಚಿ ಬಾಗಿಲಲ್ಲೇ ಆಯಾಗೆ, "ಆರನೇ ಬೆಡ್, ಪನಿ ಉಂಡು" ಎಂದು ಹೇಳಿ ಬಸ್ಸಿಗೆ ಓಡಿದರು. ಮಲಯಾಳದಲ್ಲಿ ಪನಿ ಎಂದರೆ ಜ್ವರ. ಆಯಾ ತೆಲುಗಿನವಳು, ಅವಳಿಗೆ ಪನಿ ಎಂದರೆ ಕೆಲಸ. ಪೊರಕೆ ತಂದು ಆರನೇ ಹಾಸಿಗೆಯ ಕೆಳಗೆ ಚೊಕ್ಕಟವಾಗಿ ಗುಡಿಸಿ ಹೋದಳು. ಪಕ್ಕದ ಹಾಸಿಗೆಯ ತಮಿಳಜ್ಜಿ, ಈ ಬಿಸಿಲಲ್ಲಿ ಇಬ್ಬನಿ ಎಲ್ಲಿಯದು ಎಂದು ಕಿಟಕಿ ನೋಡಿದರು. ಕನ್ನಡದವಳಾದ ನನಗಂತೂ 'ಉಂಡು' ಎಂದರೆ ಊಟವಾದಂತೆ! ಅಷ್ಟರಲ್ಲಿ ಆರನೇ ಹಾಸಿಗೆಯ ಮುದುಕಿ "ಚಳಿ ಕಣವ್ವ" ಎಂದು ನಡುಗುತ್ತಿದ್ದಳು. ಥರ್ಮಾಮೀಟರಿನಲ್ಲಿ 103. ಡಾಕ್ಟರನ್ನು ಕರೆಸಿ, ಮಾತ್ರೆ ಕೊಟ್ಟು, ಮೈ ಒರೆಸಿ ರಾತ್ರಿ ಹತ್ತಕ್ಕೆ 100ಕ್ಕೆ ಇಳಿಸಿದೆವು.

ಮರುದಿನ ಮೇಲಿನವರಿಂದ ಅಪ್ಪಣೆ ಬಂತು: ಇನ್ನು ಚಾರ್ಜ್ ಕೊಡುವುದು ಇಂಗ್ಲಿಷಿನಲ್ಲಿ ಮಾತ್ರ. ಆಯಾಗಳಿಗೆ ಇಂಗ್ಲಿಷ್ ಎಲ್ಲಿಂದ ಬರಬೇಕು? ನಾನು ಬೇರೆ ಏರ್ಪಾಡು ಕೇಳಿದೆ. ಹೋಗುವವರು, ಬರುವವರು, ಆಯಾ ಎಲ್ಲರೂ ಒಟ್ಟಿಗೆ ಹಾಸಿಗೆಯಿಂದ ಹಾಸಿಗೆಗೆ ನಡೆಯಬೇಕು. ಜ್ವರವನ್ನು ಬಾಯಲ್ಲಿ ಹೇಳದೆ ಅಂಕಿಯಲ್ಲಿ ಬರೆದು ತೋರಿಸಬೇಕು. ಚೇಚಿ ಒಪ್ಪಲಿಲ್ಲ. ಸೊಕ್ಕು ಎಂದು ಉಳಿದವರು ಪಿಸುಗುಟ್ಟಿದರು. ನಾನೇ ಹೋಗಿ ಕೇಳಿದೆ. ವಿಷಯ ಬಸ್ಸಿನದು. ಎರಡು ಗಂಟೆಯ ಡ್ಯೂಟಿ ಹತ್ತು ನಿಮಿಷ ತಡವಾದರೆ ಎರಡೂ ಐದರ ಬಸ್ಸು ತಪ್ಪುತ್ತದೆ, ಮುಂದಿನದು ಮೂರೂವರೆಗೆ, ಮನೆಯಲ್ಲಿ ಶಾಲೆಯಿಂದ ಬರುವ ಮಗು. ಮಧ್ಯಾಹ್ನದ ಪಾಳಿಯವರನ್ನು ಕಾಲು ಗಂಟೆ ಮೊದಲು ಬರಹೇಳಿ, ರಾತ್ರಿ ಅಷ್ಟೇ ಮೊದಲು ಬಿಡುವಂತೆ ಡ್ಯೂಟಿ ಪಟ್ಟಿ ತಿದ್ದಿದೆ. ಅದಕ್ಕೆ ಎಲ್ಲರ ಒಪ್ಪಿಗೆ ಪಡೆಯಲು ಒಂದು ವಾರವೇ ಬೇಕಾಯಿತು.

ಬೀರುವಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿದೆ. ಜ್ವರ, ಜ್ವರಂ, ಕಾಯ್ಚಲ್, ಪನಿ. ನೋವು, ನೊಪ್ಪಿ, ವಲಿ, ವೇದನ. ಒಂದು ಸಂಜೆ ಚೇಚಿ ನನ್ನ ಪೆನ್ಸಿಲ್ ಇಸಿದುಕೊಂಡು ಕೆಳಗೆ ತಮ್ಮ ಲಿಪಿಯಲ್ಲೇ 'ವಿಶಪ್ಪ್' ಎಂದು ಬರೆದು, "ಮೋಳೆ, ನಿಮ್ಮಲ್ಲಿ ಇದಕ್ಕೇನು?" ಎಂದರು. ಹಸಿವು ಎಂದೆ. ತೆಲುಗಿನ ಆಕಲಿಯನ್ನು ಆಯಾ ಹೇಳಿದಳು, ತಮಿಳಿನ ಪಸಿಯನ್ನು ಹಾಸಿಗೆಯಿಂದಲೇ ಅಜ್ಜಿ ಕೂಗಿದರು.